ಪ್ಲೇಸ್‌ಮೆಂಟ್ ಫೈಲಿನ ಮೂಲಬಿಂದು ಸರಿಪಡಿಸಿದ ಕ್ರಮ

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಘಟಕದಲ್ಲಿ, ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ತಂತ್ರಾಂಶವಾದ ಕೀಕ್ಯಾಡ್‌ನಿಂದ ತೆಗೆದ ಪ್ಲೇಸ್‌ಮೆಂಟ್ ಫೈಲನ್ನು (ಯಾವ ಬಿಡಿಭಾಗ ಬೋರ್ಡಿನ ಎಲ್ಲಿ ಕೂರಬೇಕೆಂಬ ಪಟ್ಟಿ) ಕೊಟ್ಟಾಗಲೆಲ್ಲ, ಬಿಡಿಭಾಗಗಳನ್ನು ಕೂರಿಸುವ ಯಂತ್ರದ ಹೆಡ್ ಬೋರ್ಡಿನ ಹೊರಗೆ ಸಾಗುತ್ತಿತ್ತು. ಫೈಲಿನಲ್ಲಿ ವೈ ಅಕ್ಷದ ಬೆಲೆಗಳೆಲ್ಲ ಋಣಾತ್ಮಕವಾಗಿದ್ದವು. ಮಿಲಿಮೀಟರ್ ಬದಲು ಇಂಚು ಆರಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಯಂತ್ರದಲ್ಲೇ ಆಫ್‌ಸೆಟ್ (ಎಲ್ಲ ಸ್ಥಾನಗಳನ್ನೂ ಒಂದೇ ಅಳತೆಯಷ್ಟು ಸರಿಸುವ ಸಂಖ್ಯೆ) ಕೊಟ್ಟಾಗ ಮೇಲ್ಬದಿ ಸರಿಹೋಯಿತು, ಕೆಳಬದಿ ಕನ್ನಡಿಯ ಬಿಂಬದಂತೆ ಅದಲುಬದಲಾಗಿಯೇ ಉಳಿಯಿತು.

ಫಲ ಕೊಟ್ಟದ್ದು ಕೆಲಸದ ಅನುಕ್ರಮ. ಮೊದಲು ಪ್ಲೇಸ್ ಮೆನುವಿನ ‘ಡ್ರಿಲ್/ಪ್ಲೇಸ್ ಫೈಲ್ ಒರಿಜಿನ್’ ಬಳಸಿ ಬೋರ್ಡಿನ ಕೆಳಗಿನ ಎಡಮೂಲೆಯಲ್ಲಿ ಮೂಲಬಿಂದುವನ್ನು (ಒರಿಜಿನ್, ಅಳತೆಗಳು ಸೊನ್ನೆಯಿಂದ ಶುರುವಾಗುವ ಬಿಂದು) ಇಡಬೇಕು. ಅನಂತರ ಗರ್ಬರ್ (ಬೋರ್ಡಿನ ಪದರಗಳ ಚಿತ್ರ), ಡ್ರಿಲ್ (ರಂಧ್ರಗಳ ಪಟ್ಟಿ) ಮತ್ತು ಪ್ಲೇಸ್‌ಮೆಂಟ್ ಫೈಲುಗಳನ್ನು ತೆಗೆಯುವಾಗ ಮೂರರಲ್ಲಿಯೂ ಅದೇ ಒರಿಜಿನ್ ಬಳಸುವ ಆಯ್ಕೆಯನ್ನು ಆರಿಸಬೇಕು. ಪ್ಲೇಸ್‌ಮೆಂಟ್‌ಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ರೂಪ, ಮಿಲಿಮೀಟರ್ ಅಳತೆ, ಎರಡು ಬದಿಗೂ ಪ್ರತ್ಯೇಕ ಫೈಲು ಆರಿಸಬೇಕು. ಕೆಳಬದಿಗೆ ಎಕ್ಸ್ ಬೆಲೆಗಳನ್ನು ಋಣಾತ್ಮಕವಾಗಿಸುವ ಆಯ್ಕೆಯನ್ನು ಸೇರಿಸಿ, ಬಳಿಕ ಬೋರ್ಡಿನ ಅಗಲವನ್ನು ಪ್ರತಿ ಎಕ್ಸ್ ಬೆಲೆಗೂ ಕೂಡಿಸಿದರೆ, ಮಗುಚಿದ ಬೋರ್ಡಿನ ಎಡಮೂಲೆಯೇ ಸೊನ್ನೆಯಾಗುತ್ತದೆ. ಯಂತ್ರದ ತಂತ್ರಾಂಶವೇ ಎಕ್ಸ್ ಅನ್ನು ಮಗುಚುವುದಾದರೆ ಇದೆರಡನ್ನೂ ಮಾಡಬಾರದು.

ಎಸ್‌ಒಟಿ-23ರಂತಹ (ಮೂರು ಕಾಲಿನ ಪುಟ್ಟ ಕವಚದ) ಭಾಗಗಳ ಕೋನವನ್ನು ಕೀಕ್ಯಾಡ್‌ನ ಲೈಬ್ರರಿಯಲ್ಲಿ ತಿದ್ದುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ಟೇಪಿನಲ್ಲಿ ಅವು ಕುಳಿತಿರುವ ದಿಕ್ಕನ್ನು ನೋಡಿ, ಯಂತ್ರದ ಫೀಡರ್ (ಭಾಗಗಳ ಟೇಪನ್ನು ಉಣಿಸುವ ಸಾಧನ) ಪಟ್ಟಿಯಲ್ಲೇ ತಿದ್ದಿದರೆ ಸಾಕು. ಫಿಡ್ಯೂಶಿಯಲ್‌ಗಳ (ಯಂತ್ರ ಬೋರ್ಡನ್ನು ಗುರುತಿಸಲು ಅದರ ಮೇಲಿರುವ ಗುರುತುಗಳ) ಸ್ಥಾನ ಕ್ಯಾಮೆರಾದಲ್ಲಿ ತಾಳೆಯಾದ ಮೇಲಷ್ಟೇ ಫೀಡರ್‌ಗಳನ್ನು ಹಾಕಬೇಕು.