ಹೊಸ ಲಾನ್ ಮೋವರ್: ಸ್ಟಾರ್ಟ್ ಆಗದಿದ್ದರೆ, ಬ್ಯಾಗು ತುಂಬದಿದ್ದರೆ

ಪೆಟ್ಟಿಗೆ ಬಿಚ್ಚಿ ಜೋಡಿಸಿದ್ದಾಯಿತು, ಹತ್ತು ಸಲ ಹಗ್ಗ ಎಳೆದದ್ದೂ ಆಯಿತು, ಎಂಜಿನ್ ಉಸಿರೆತ್ತುವುದಿಲ್ಲ. ಹೇಗೋ ಶುರುವಾದರೆ, ಕತ್ತರಿಸಿದ ಹುಲ್ಲು ಹಿಂದಿನ ಬ್ಯಾಗಿಗೆ ಹೋಗದೆ ನೆಲದ ಮೇಲೇ ಗುಪ್ಪೆಗುಪ್ಪೆಯಾಗಿ ಬೀಳುತ್ತದೆ. ಹಾಗಂತ ಯಂತ್ರವೇ ಸರಿಯಿಲ್ಲ ಎಂದು ವಾಪಸ್ ಕಳಿಸಲು ಅವಸರಪಡಬೇಡಿ. ಹೊಸ ಮೋವರ್‌ನಲ್ಲಿ ಬಿಡಿಭಾಗ ಕೆಟ್ಟಿರುವುದು ಅಪರೂಪ. ತಪ್ಪು ಹೆಚ್ಚಾಗಿ ಆಯಿಲ್, ಪೆಟ್ರೋಲ್, ಜೋಡಣೆ ಅಥವಾ ಗಾಳಿಯ ದಾರಿಯಲ್ಲಿ ಇರುತ್ತದೆ. ತಳ್ಳಿಕೊಂಡು ಹೋಗುವ, ಹಿಂದೆ ಬ್ಯಾಗಿರುವ ಫೋರ್ ಸ್ಟ್ರೋಕ್ ಪೆಟ್ರೋಲ್ ಮೋವರ್‌ಗೆ ಈ ಕ್ರಮ ಅನ್ವಯಿಸುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಬ್ಲೇಡಿನ ಹತ್ತಿರ ಕೈ ಹಾಕುವ ಪ್ರತಿ ಸಲವೂ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು ಪಕ್ಕಕ್ಕಿಡಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು.

ಸ್ಟಾರ್ಟ್ ಆಗದಿದ್ದರೆ

ಆಯಿಲ್‌ನಿಂದ ಶುರು ಮಾಡಿ. ಹೊಸ ಮೋವರ್ ಸಾಮಾನ್ಯವಾಗಿ ಎಂಜಿನ್ ಆಯಿಲ್ ಇಲ್ಲದೆಯೇ ಬರುತ್ತದೆ. ಹೆಚ್ಚಿನವಕ್ಕೆ ಅರ್ಧ ಲೀಟರಿನ ಆಸುಪಾಸು, ಎಂದರೆ 450ರಿಂದ 600 ಮಿ.ಲೀ. ಸಾಕು. ಸೆಕೆ ಇರುವ ಊರಿಗೆ ಎಸ್‌ಎಇ 30 ಅಥವಾ 10ಡಬ್ಲ್ಯೂ-30 ದರ್ಜೆಯದು ಹೊಂದುತ್ತದೆ. ಮುಕ್ಕಾಲು ಪಾಲು ಸುರಿದು, ಎರಡು ನಿಮಿಷ ಬಿಟ್ಟು, ಅಳತೆ ಕಡ್ಡಿ ನೋಡಿ. ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಹಾಕಿ. ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೈಪಿಡಿಯಲ್ಲಿ ಈ ಒಂದು ಸಾಲನ್ನಾದರೂ ಓದಿಕೊಳ್ಳಿ. ಆಯಿಲ್ ಹೆಚ್ಚಾದರೆ ಹೊಗೆ ಏಳುತ್ತದೆ, ಏರ್ ಫಿಲ್ಟರ್ ನೆನೆಯುತ್ತದೆ, ನೆನೆದ ಫಿಲ್ಟರ್ ಗಾಳಿ ಬಿಡದೆ ಎಂಜಿನ್ ಶುರುವಾಗುವುದಿಲ್ಲ.

ಪೆಟ್ರೋಲಿಗೆ ಆಯಿಲ್ ಬೆರೆಸಬೇಡಿ. ಅಡಿಕೆ, ಕಾಫಿ ತೋಟಗಳಲ್ಲಿ ಟೂ ಸ್ಟ್ರೋಕ್ ಬ್ರಷ್ ಕಟರ್ ಬಳಸಿ ಅಭ್ಯಾಸವಾದವರು ಅದೇ ಕ್ಯಾನಿನ ಮಿಶ್ರಣವನ್ನು ಮೋವರ್‌ಗೂ ಸುರಿದುಬಿಡುವುದುಂಟು, ಪ್ಲಗ್ ಕರಿಗಟ್ಟುತ್ತದೆ. ಬಂಕುಗಳಲ್ಲಿ ಈಗ ಸಿಗುವುದು ಬಹುತೇಕ 20% ಎಥನಾಲ್ ಬೆರೆತ ಪೆಟ್ರೋಲ್. ಹಲವು ಮೋವರ್‌ಗಳ ಕೈಪಿಡಿ ಹೇಳುವ ಮಿತಿ 10%. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿದು, ಕಾರ್ಬುರೇಟರಿಗೆ ಮೊದಲು ಸೇರುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಬೇಗ. ಹಾಗಾಗಿ ಯಾವ ಪೆಟ್ರೋಲಿಗೆ ಎಂಜಿನ್ ಒಗ್ಗುತ್ತದೆ ಎಂದು ಕೊಳ್ಳುವಾಗಲೇ ಕೇಳಿ, ತಿಂಗಳಿಗೆ ಸಾಲುವಷ್ಟೇ ತನ್ನಿ. ಮೂರ್ನಾಲ್ಕು ವಾರ ಯಂತ್ರ ಮುಟ್ಟುವುದಿಲ್ಲವೆಂದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಅತಿ ಹೆಚ್ಚು ಜನ ಎಡವುವುದು ಹ್ಯಾಂಡಲಿನ ಅಡ್ಡ ಲಿವರಿನಲ್ಲಿ. ಅದನ್ನು ಹ್ಯಾಂಡಲಿಗೆ ಒತ್ತಿ ಹಿಡಿಯದೆ ಎಷ್ಟು ಎಳೆದರೂ ಕಿಡಿ ಹುಟ್ಟುವುದಿಲ್ಲ; ಕೈ ಬಿಟ್ಟೊಡನೆ ಎಂಜಿನ್ ನಿಲ್ಲಲಿ ಎಂದೇ ಅದನ್ನಿಟ್ಟಿರುವುದು. ಒತ್ತಿ ಹಿಡಿದರೂ ಕಿಡಿ ಇಲ್ಲವೆಂದರೆ ಕೇಬಲ್ ನೋಡಿ. ಮಡಚಿ ಬಂದ ಹ್ಯಾಂಡಲ್ ಬಿಚ್ಚುವಾಗ ಅದು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕೊಕ್ಕೆಯಿಂದ ಜಾರುತ್ತದೆ. ಪ್ಲಗ್ ಕ್ಯಾಪ್ ತೆಗೆದಿಟ್ಟು, ಇನ್ನೊಬ್ಬರಿಗೆ ಲಿವರ್ ಒತ್ತಲು ಹೇಳಿ, ನೀವು ಎಂಜಿನ್ ಬದಿಯ ತುದಿ ಗಮನಿಸಿ. ಅಲ್ಲಿನ ಪುಟ್ಟ ತಗಡಿನ ಲಿವರ್ ಕೊನೆಯವರೆಗೂ ಸರಿಯಬೇಕು. ಅರ್ಧಕ್ಕೇ ನಿಂತರೆ ಎಂಜಿನ್ ತಡೆದು ನಿಲ್ಲಿಸುವ ಬ್ರೇಕ್ ಬಿಟ್ಟಿಲ್ಲ, ಕಿಡಿಯ ದಾರಿಯೂ ತೆರೆದಿಲ್ಲ ಎಂದರ್ಥ. ಕೇಬಲ್ ಬಿಗಿ ಮಾಡುವುದು ಐದು ನಿಮಿಷದ ಕೆಲಸ.

ಇನ್ನು ಎಳೆಯಿರಿ, ಹುಲ್ಲಿನ ಮೇಲಲ್ಲ, ಸಿಮೆಂಟ್ ನೆಲದ ಮೇಲೆ. ಉದ್ದ ಹುಲ್ಲಿನಲ್ಲಿ ಬ್ಲೇಡು ತಡೆಯುತ್ತದೆ. ಪೆಟ್ರೋಲ್ ಕಾಕ್ ತೆರೆದು, ಪೆಟ್ರೋಲನ್ನು ಎಂಜಿನ್‌ಗೆ ದೂಡುವ ರಬ್ಬರಿನ ಪ್ರೈಮರ್ ಗುಂಡಿಯಿದ್ದರೆ ಮೂರು ಸಲ ಒತ್ತಿ, ಚೋಕ್ ಇದ್ದರೆ ಹಾಕಿ. ಬಿಗಿ ತಗಲುವವರೆಗೆ ಹಗ್ಗವನ್ನು ಮೆಲ್ಲಗೆ ಎಳೆದು, ಅಲ್ಲಿಂದ ಒಂದೇ ಸೆಳೆತ.

ಆರು ಸಲಕ್ಕೂ ಆಗಲಿಲ್ಲವೇ? ಪ್ಲಗ್ ಬಿಚ್ಚಿ ತುದಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಒರೆಸಿ, ಹದಿನೈದು ನಿಮಿಷ ಬಿಟ್ಟು, ಚೋಕ್ ಇಲ್ಲದೆ ಎಳೆಯಿರಿ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಾಕ್, ಪೈಪು ನೋಡಿ. ಪ್ಲಗ್ಗಿನ ತುದಿಯ ಸಂದು ಹೆಚ್ಚಿನ ಎಂಜಿನ್‌ಗಳಲ್ಲಿ 0.7ರಿಂದ 0.8 ಮಿ.ಮೀ. ಸಾಗಿಸುವಾಗ ಬಿದ್ದು ಪ್ಲಗ್ಗಿಗೆ ಏಟಾಗಿದ್ದರೆ ಈ ಸಂದು ಮುಚ್ಚಿರಬಹುದು.

ಶುರುವಾಗಿ ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದರೆ ಟ್ಯಾಂಕಿನ ಮುಚ್ಚಳವನ್ನು ಕೊಂಚ ಸಡಿಲಿಸಿ ನೋಡಿ. ಆಗ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಹಗ್ಗವೇ ಅಲ್ಲಾಡದಿದ್ದರೆ, ಯಂತ್ರವನ್ನು ತಪ್ಪು ಬದಿಗೆ ಮಲಗಿಸಿ ಆಯಿಲ್ ಸಿಲಿಂಡರಿಗೆ ಹೋಗಿರಬಹುದು. ಪ್ಲಗ್ ತೆಗೆದು, ರಂಧ್ರಕ್ಕೆ ಬಟ್ಟೆ ಅಡ್ಡ ಹಿಡಿದು, ನಾಲ್ಕೈದು ಸಲ ಎಳೆದರೆ ಆಯಿಲ್ ಹೊರಬರುತ್ತದೆ. ಓರೆ ಮಾಡುವಾಗ ಏರ್ ಫಿಲ್ಟರ್ ಯಾವಾಗಲೂ ಮೇಲ್ಬದಿಗಿರಲಿ. ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ ಅಥವಾ ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ ಎಂದಾದರೆ ನೀವು ಬಿಚ್ಚಬೇಡಿ, ವಾರಂಟಿ ಹೋಗಬಹುದು. ಮಾರಿದವರನ್ನೇ ಕರೆಸಿ.

ಬ್ಯಾಗು ತುಂಬದಿದ್ದರೆ

ಹುಲ್ಲನ್ನು ಬ್ಯಾಗಿಗೆ ಸಾಗಿಸುವುದು ಗಾಳಿ. ಬ್ಲೇಡಿನ ತುದಿಯ ಮಡಚಿದ ರೆಕ್ಕೆ ಫ್ಯಾನಿನ ಹಾಗೆ ಗಾಳಿಯನ್ನು ಮೇಲೆಳೆದು ಹಿಂದಕ್ಕೆ ದೂಡುತ್ತದೆ. ಆ ಗಾಳಿ ಬ್ಯಾಗಿನ ನೇಯ್ಗೆಯ ಸಂದುಗಳಿಂದ ಹೊರಹೋದರೆ ಮಾತ್ರ ಮುಂದಿನ ಹುಲ್ಲು ಒಳಬರುತ್ತದೆ.

ಹಿಂದಿನ ಮುಚ್ಚಳ ಎತ್ತಿ ಕೊಳವೆಯೊಳಗೆ ಕೈದೀಪ ಬಿಡಿ. ಹುಲ್ಲನ್ನು ನುಣ್ಣಗೆ ಕತ್ತರಿಸಿ ಅಲ್ಲೇ ಹರಡುವುದಕ್ಕೆಂದು ಕೊಡುವ ಕಪ್ಪು ಪ್ಲಾಸ್ಟಿಕ್ ಬಿರಡೆ ಹಲವು ಮೋವರ್‌ಗಳಲ್ಲಿ ಒಳಗೇ ಕೂತಿರುತ್ತದೆ. ಅದನ್ನು ತೆಗೆಯದೆ ಬ್ಯಾಗು ಸಿಕ್ಕಿಸಿದರೆ ಒಂದು ಎಸಳೂ ಒಳಗೆ ಹೋಗುವುದಿಲ್ಲ. ಪಕ್ಕಕ್ಕೆ ಹುಲ್ಲು ಬಿಡುವ ಬಾಗಿಲೂ ಮುಚ್ಚಿರಲಿ. ಬ್ಯಾಗಿನ ಕಂಬಿಯ ಎರಡೂ ಕೊಕ್ಕೆ ಪೂರ್ತಿ ಕೂತಿವೆಯೇ, ಬಾಯಿಯ ಸುತ್ತ ಸಂದು ಉಳಿದಿದೆಯೇ ನೋಡಿ.

ಆಮೇಲೆ ಬ್ಲೇಡು. ರೆಕ್ಕೆ ಮೇಲ್ಮುಖವಾಗಿ, ಎಂಜಿನ್ ಕಡೆಗಿರಬೇಕು. ತಿರುವುಮುರುವಾಗಿ ಹಾಕಿದರೆ ಹುಲ್ಲು ಹರಿದು ತುದಿ ಬೆಳ್ಳಗಾಗುತ್ತದೆ, ಬ್ಯಾಗು ಖಾಲಿಯೇ ಉಳಿಯುತ್ತದೆ.

ಎರಡೂ ಸರಿಯಿದ್ದರೆ ಥ್ರಾಟಲ್, ಎಂದರೆ ಎಂಜಿನ್ ವೇಗದ ಲಿವರ್ ನೋಡಿ. ಬ್ಯಾಗು ತುಂಬಬೇಕಾದರೆ ಎಂಜಿನ್ ಪೂರ್ಣ ವೇಗದಲ್ಲಿ, ನಿಮಿಷಕ್ಕೆ ಸುಮಾರು 3,000 ಸುತ್ತಿನಲ್ಲಿ ಓಡಬೇಕು. ಪೆಟ್ರೋಲ್ ಉಳಿಯಲೆಂದು ವೇಗ ಇಳಿಸಿದರೆ ಗಾಳಿಯ ಬಲವೂ ಇಳಿಯುತ್ತದೆ. ಕತ್ತರಿಸುವ ಎತ್ತರ ತೀರಾ ಕೆಳಗಿದ್ದರೂ ಹೀಗೇ. ಗಾಳಿ ಒಳನುಗ್ಗಲು ಜಾಗವಿರುವುದಿಲ್ಲ. ಒಂದೆರಡು ಹಲ್ಲು ಮೇಲೇರಿಸಿ. ಒಮ್ಮೆಗೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ; ತುಂಬ ಬೆಳೆದಿದ್ದರೆ ಎತ್ತರದಲ್ಲಿ ಒಂದು ಸುತ್ತು, ಎರಡು ದಿನ ಬಿಟ್ಟು ತಗ್ಗಿನಲ್ಲಿ ಇನ್ನೊಂದು.

ಮೊದಮೊದಲು ಚೆನ್ನಾಗಿ ತುಂಬುತ್ತಿದ್ದದ್ದು ಈಗ ಅರ್ಧಕ್ಕೇ ನಿಲ್ಲುತ್ತಿದ್ದರೆ ಬ್ಯಾಗನ್ನು ಬೆಳಕಿಗೆ ಹಿಡಿಯಿರಿ. ಬೇಸಗೆಯಲ್ಲಿ ಕೆಂಪು ಮಣ್ಣಿನ ಧೂಳು ನೇಯ್ಗೆಯ ಸಂದುಗಳಲ್ಲಿ ಮೆತ್ತಿ ಬೆಳಕೂ ತೂರದಂತೆ ಆಗಿರುತ್ತದೆ. ಒಳಗಿನದನ್ನು ಹೊರಗೆ ತಿರುವಿ, ಪೈಪಿನ ನೀರು ಬಿಟ್ಟು ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಬ್ಯಾಗಿನ ಮೇಲೆ ಧೂಳು ಇನ್ನೂ ಬೇಗ ಹಿಡಿಯುತ್ತದೆ.

ಮಳೆಯಲ್ಲಿ ನೆನೆದ ಹುಲ್ಲಿಗೆ ಮಾತ್ರ ಇದ್ಯಾವುದೂ ಪೂರ್ಣ ಪರಿಹಾರವಲ್ಲ. ಅದು ಭಾರವಾಗಿ ಬ್ಲೇಡನ್ನು ಮುಚ್ಚಿರುವ ಡೆಕ್ಕಿನ ಅಡಿಗೂ ಕೊಳವೆಗೂ ಮೆತ್ತಿಕೊಳ್ಳುತ್ತದೆ. ಬಿಸಿಲು ಬಂದು ಎಸಳು ಒಣಗುವವರೆಗೆ ಕಾಯಿರಿ. ಕಾಯಲಾಗದಿದ್ದರೆ ಅರ್ಧ ಅಗಲಕ್ಕೆ ಮಾತ್ರ ಕತ್ತರಿಸುತ್ತ ನಿಧಾನವಾಗಿ ತಳ್ಳಿ, ಕೆಲಸ ಮುಗಿದ ಕೂಡಲೇ ಪ್ಲಗ್ ಕ್ಯಾಪ್ ಕಿತ್ತು, ಅಂಟಿದ್ದನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ.