ಸಿ ಭಾಷೆಯಲ್ಲಿ ಫೈಲ್ ಪಾತ್: ಮೊದಲು ಬೈಟ್ ಎಣಿಸಿ

ಪೈಥಾನ್, ಜಾವಾದಂಥ ಭಾಷೆಗಳಲ್ಲಿ ಫೈಲ್ ಪಾತ್ (ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳುವ ವಿಳಾಸ) ಜೋಡಿಸಿಕೊಡಲು ರೆಡಿಮೇಡ್ ಸವಲತ್ತು ಇದೆ. ಸಿ ಭಾಷೆಯಲ್ಲಿ ಆ ಸುಖ ಇಲ್ಲ. ಇಲ್ಲಿ ಪಾತ್ ಅಂದರೆ ಸಾಲಾಗಿ ನಿಂತ ಬೈಟ್‌ಗಳು, ಮುಗಿಯಿತು ಅನ್ನಲು ಕೊನೆಗೊಂದು ಸೊನ್ನೆ ಬೈಟ್. ಜಾಗ ಸಾಲುತ್ತದೋ ಇಲ್ಲವೋ ಅನ್ನುವ ಲೆಕ್ಕ ಪೂರ್ತಿ ನಿಮ್ಮದೇ.

ಹಾಗಾಗಿ ಮೊದಲ ಕೆಲಸ ಎಣಿಕೆ. ಫೈಲಿಗೆ 'ಮನೆ ಖರ್ಚು' ಅಂತ ಹೆಸರಿಟ್ಟಿರಿ ಅಂದುಕೊಳ್ಳಿ. ಕಣ್ಣಿಗೆ ನಾಲ್ಕೇ ಅಕ್ಷರ ಅಲ್ವಾ? ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೂಲ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಮಾಡುವ ಹಲಂತ, ಎಲ್ಲಕ್ಕೂ ತಲಾ 3 ಬೈಟ್ ಬೇಕು. ಈ ಹೆಸರಿನಲ್ಲಿ ಅಂಥವು 8, ಅಂದರೆ 24 ಬೈಟ್. ನಡುವಿನ ಖಾಲಿ ಜಾಗಕ್ಕೆ 1, ಡಾಟ್ ಟಿಎಕ್ಸ್‌ಟಿಗೆ 4, ಸೊನ್ನೆ ಬೈಟಿಗೆ 1. ಒಟ್ಟು 30! ನಾನೊಮ್ಮೆ 20 ಬೈಟಿನ ಬಫರ್ (ಹೆಸರು ತುಂಬಲು ಮೆಮೊರಿಯಲ್ಲಿ ಕಾದಿಟ್ಟ ಜಾಗ) ಧಾರಾಳವಾಯಿತು ಅಂದುಕೊಂಡಿದ್ದೆ. ಇಂಗ್ಲಿಷ್ ಹೆಸರು ಕೊಟ್ಟಷ್ಟು ದಿನ ಪ್ರೋಗ್ರಾಂ ಚೆನ್ನಾಗಿಯೇ ಓಡಿತು. ಕನ್ನಡ ಹೆಸರು ಕೊಟ್ಟ ದಿನ ಮಕಾಡೆ ಮಲಗಿತು.

ಲಿನಕ್ಸ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಕನ್ನಡದಲ್ಲಿ 85 ಚಿಹ್ನೆಗೇ ಮುಗಿಯಿತು. ಇಡೀ ಪಾತ್‌ಗೆ ಸೊನ್ನೆ ಬೈಟೂ ಸೇರಿ 4096.

ಈಗ ಫೋಲ್ಡರ್ ಹೆಸರನ್ನೂ ಫೈಲ್ ಹೆಸರನ್ನೂ ಜೋಡಿಸೋಣ. ಹಳೇ ಪಾಠಗಳಲ್ಲಿ ಇದಕ್ಕೆ ಎಸ್‌ಟಿಆರ್‌ಕ್ಯಾಟ್ (strcat) ಫಂಕ್ಷನ್ ಬಳಸಿರುತ್ತಾರೆ. ಅದು ಜಾಗ ಇದೆಯೇ ಅಂತ ನೋಡುವುದೇ ಇಲ್ಲ, ಪಕ್ಕದ ಮೆಮೊರಿಯ ಮೇಲೂ ಬರೆದುಬಿಡುತ್ತದೆ. ಅದರ ಬದಲು ಎಸ್‌ಎನ್‌ಪ್ರಿಂಟ್‌ಎಫ್ (snprintf) ಬಳಸಿ. ಅದಕ್ಕೆ ಬಫರ್, ಬಫರ್‌ನ ಅಳತೆ, ನಡುವೆ ಸ್ಲ್ಯಾಶ್ ಇರುವ ಮಾದರಿ, ಆಮೇಲೆ ಎರಡು ಹೆಸರು ಕೊಡಬೇಕು. ಅಳತೆ ಮೀರಿ ಅದು ಬರೆಯುವುದಿಲ್ಲ.

ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಈ ಫಂಕ್ಷನ್ ಒಂದು ಸಂಖ್ಯೆ ಹಿಂದಿರುಗಿಸುತ್ತದೆ: ಸೊನ್ನೆ ಬೈಟ್ ಬಿಟ್ಟು ಒಟ್ಟು ಎಷ್ಟು ಬೈಟ್ ಬೇಕಿತ್ತು ಅಂತ. ಅದು ಬಫರ್ ಅಳತೆಗೆ ಸಮ ಇದ್ದರೂ ಜಾಸ್ತಿ ಇದ್ದರೂ ಪಾತ್ ತುಂಡಾಗಿದೆ ಎಂದರ್ಥ. ಮೈನಸ್ ಬಂದರೆ ಬೇರೇನೋ ತಪ್ಪಾಗಿದೆ. ತುಂಡಾದ ಪಾತ್ ಕ್ರ್ಯಾಶ್‌ಗಿಂತ ಅಪಾಯ. ಅದೇ ಹೆಸರಿನ ಇನ್ನೊಂದು ಫೈಲ್ ಇದ್ದರೆ ಸದ್ದಿಲ್ಲದೆ ಅದನ್ನೇ ಅಳಿಸಿ ಬರೆಯಬಹುದು. ಬಫರನ್ನು ಬೇಕೆಂದೇ 10 ಬೈಟಿಗೆ ಇಳಿಸಿ ಒಮ್ಮೆ ಓಡಿಸಿ ನೋಡಿ. ಎಚ್ಚರಿಕೆ ಬರದಿದ್ದರೆ ನಿಮ್ಮ ತಪಾಸಣೆ ಸರಿಯಿಲ್ಲ.

ಇನ್ನೊಂದು ಮಾತು. ಬಫರನ್ನು ಫಂಕ್ಷನ್‌ಗೆ ಕಳಿಸಿ, ಅದರೊಳಗೆ ಅಳತೆ ಹೇಳುವ ಸೈಜ್‌ಆಫ್ (sizeof) ಕೇಳಿದರೆ ಸಿಗುವುದು ಪಾಯಿಂಟರ್‌ನ, ಅಂದರೆ ಬಫರ್‌ನ ವಿಳಾಸದ ಅಳತೆ, 64 ಬಿಟ್ ಯಂತ್ರದಲ್ಲಿ 8. ಅಳತೆಯನ್ನೂ ಜೊತೆಗೇ ಕಳಿಸಿ.

ಸ್ಲ್ಯಾಶ್ ವಿಷಯಕ್ಕೆ ಬರೋಣ. ವಿಂಡೋಸ್‌ಗೂ ಮುಂಚಿನ ಎಂಎಸ್-ಡಾಸ್‌ನಲ್ಲಿ, 1983ರ 2.0 ಆವೃತ್ತಿಯಲ್ಲಿ ಫೋಲ್ಡರ್‌ಗಳು ಬಂದಾಗ / ಚಿಹ್ನೆ ಆಗಲೇ ಕಮಾಂಡ್‌ಗಳ ಆಯ್ಕೆಗೆ ಬಳಕೆಯಲ್ಲಿತ್ತು. ಹಾಗಾಗಿ ಪಾತ್‌ಗೆ \ ಬಂತು. ಸಿ ಭಾಷೆಯಲ್ಲಿ ಈ \ ಗೆ ಬೇರೆಯೇ ಅರ್ಥ. ಅದರ ಮುಂದೆ ಇಂಗ್ಲಿಷಿನ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಎರಡು ಸಲ \\ ಎಂದು ಬರೆಯಿರಿ, ಇಲ್ಲವೇ ಸುಮ್ನೆ / ಬಳಸಿ. ಫೈಲ್ ತೆರೆಯುವ ಎಫ್‌ಓಪನ್‌ನಂಥ (fopen) ಕೆಲಸಕ್ಕೆ ವಿಂಡೋಸ್ ಅದನ್ನೂ ಒಪ್ಪುತ್ತದೆ.

ತೆರೆಯುವ ಮುಂಚೆ 'ಫೈಲ್ ಇದೆಯಾ' ಅಂತ ಬೇರೆಯಾಗಿ ನೋಡುವುದು ವ್ಯರ್ಥ. ನೋಡುವುದಕ್ಕೂ ತೆರೆಯುವುದಕ್ಕೂ ನಡುವೆ ಯಾರಾದರೂ ಅದನ್ನು ಬದಲಿಸಬಹುದು. ನೇರವಾಗಿ ತೆರೆಯಿರಿ. ತೆರೆಯಲಾಗದೆ ನಲ್ (NULL) ಬಂದರೆ ಪಿಎರರ್ (perror) ಫಂಕ್ಷನ್ ಕರೆಯಿರಿ, ಕಾರಣ ಅದೇ ಹೇಳುತ್ತದೆ.

ಹೆಸರು ಬಳಕೆದಾರರಿಂದ ಬರುವುದಾದರೆ ಇನ್ನಷ್ಟು ಹುಷಾರು. ಅದರೊಳಗೆ ../ (ಒಂದು ಹಂತ ಮೇಲಿನ ಫೋಲ್ಡರ್) ಇದ್ದರೆ ನಿಮ್ಮ ಫೋಲ್ಡರ್ ದಾಟಿ ಹೊರಗೆ ಹೋಗಬಹುದು. ಲಿನಕ್ಸ್‌ನ ರಿಯಲ್‌ಪಾತ್ ಇಂಥ ಚುಕ್ಕಿಗಳನ್ನೆಲ್ಲ ಬಿಡಿಸಿ ನಿಜವಾದ ಪಾತ್ ಕೊಡುತ್ತದೆ. ಫೈಲ್ ಇನ್ನೂ ಹುಟ್ಟಿಲ್ಲದಿದ್ದರೆ ಫೋಲ್ಡರ್‌ಗೆ ಮಾತ್ರ ಅದನ್ನು ಬಳಸಿ. ಬಂದ ಪಾತ್ ನಿಮ್ಮ ಫೋಲ್ಡರ್‌ನಿಂದಲೇ ಶುರುವಾಗುತ್ತದೆಯೇ ಅಂತ ಹೋಲಿಸುವಾಗ ಕೊನೆಯ ಸ್ಲ್ಯಾಶನ್ನೂ ಸೇರಿಸಿ. ಇಲ್ಲದಿದ್ದರೆ '/ಮನೆ/ಲೆಕ್ಕ' ಅಂತ ಹುಡುಕಿದಾಗ '/ಮನೆ/ಲೆಕ್ಕಪತ್ರ'ವೂ ಪಾಸಾಗಿಬಿಡುತ್ತದೆ.