ಜುಲೈನಲ್ಲಿ ಒಣಗದ ಬೆಡ್‌ಶೀಟು

ನನ್ನದು ಕುಶಾಲನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಮಡಿಕೇರಿ ಕಡೆಯ ಒಂದು ಆಶ್ರಮಕ್ಕೆ ನಾವು ಹದಿನಾಲ್ಕು ಜನ ಸೇರಿ ಕೆಲವು ವರ್ಷಗಳಿಂದ ನೆರವಾಗುತ್ತಿದ್ದೇವೆ. ಒಂದೇ ಕಾಂಪೌಂಡಿನಲ್ಲಿ ಎರಡು ಕಟ್ಟಡ. ಒಂದರಲ್ಲಿ ನೋಡಿಕೊಳ್ಳುವವರಿಲ್ಲದ ಹಿರಿಯರು, ಇನ್ನೊಂದರಲ್ಲಿ ಮಕ್ಕಳು. 2018ರ ಮಳೆ, ಗುಡ್ಡ ಕುಸಿತದಲ್ಲಿ ಮನೆ ಕಳೆದುಕೊಂಡು ಬಂದ ಮೂವರು ಅಜ್ಜಿಯರು ಅಲ್ಲೇ ಉಳಿದಿದ್ದಾರೆ.

ಆ ವರ್ಷದ ಆಗಸ್ಟ್ ಕೊಡಗಿನವರು ಯಾರೂ ಮರೆಯುವುದಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಅಂತ ದಿನಕ್ಕೊಂದು ಊರಿನ ಸುದ್ದಿ ಬರುತ್ತಿತ್ತು. ನಾನು ಒಂದು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಹೊರಗಿನಿಂದ ಲಾರಿಗಟ್ಟಲೆ ಬಟ್ಟೆ ಬಂತು. ಕಳಿಸಿದವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಂಗಸರು ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದುದು ಒಳಉಡುಪು, ನೈಟಿ, ಪ್ಯಾಡು. ಆ ರಾಶಿಯಲ್ಲಿ ಅವೇ ಇರುತ್ತಿರಲಿಲ್ಲ. ಉಳಿದ ಬಟ್ಟೆ ಥಂಡಿ ಹಿಡಿದು ಮೂಲೆಯಲ್ಲಿ ಕೊಳೆಯಿತು. ಅಕ್ಟೋಬರ್ ಹೊತ್ತಿಗೆ ನೆರವಿಗೆ ಬರುವವರು ಕಡಿಮೆಯಾದರು. ಕರ್ಣಂಗೇರಿ, ಜಂಬೂರು, ಮದೆನಾಡಿನಲ್ಲಿ ಸರ್ಕಾರದ ಮನೆಗಳು ಎದ್ದವು, ಆದರೆ ಅದಕ್ಕೆ ಜನ ಬಹಳ ಕಾಯಬೇಕಾಯಿತು. ಆ ಕಾಯುವ ಕಾಲದಲ್ಲಿ ಅವರ ಜೊತೆ ಯಾರಿದ್ದರು ಅನ್ನುವುದು ನನ್ನನ್ನು ಕಾಡುತ್ತಲೇ ಇತ್ತು.

ಆಶ್ರಮಕ್ಕೆ ಮೊದಲ ಸಲ ಹೋದಾಗ ಎರಡು ಬಾಕ್ಸ್ ಮೈಸೂರು ಪಾಕ್ ತೆಗೆದುಕೊಂಡು ಹೋಗಿದ್ದೆ. ಹಿರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶುಗರ್. ವಾರ್ಡನ್ ಅಕ್ಕ ನಗುತ್ತಲೇ ತೆಗೆದುಕೊಂಡರು. ಅವರ ಕಪಾಟಿನಲ್ಲಿ ಆಗಲೇ ಆರು ಬಾಕ್ಸ್ ಸ್ವೀಟ್ ಇದ್ದವು. ಅದು ದೀಪಾವಳಿ ವಾರ.

ಮುಂದಿನ ಸಲ ಹೋಗಿದ್ದು ಜುಲೈನಲ್ಲಿ. ಬೆಳಗ್ಗೆಯಿಂದ ಮಳೆ ನಿಂತಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ. ವರಾಂಡದಲ್ಲಿ, ಮೆಟ್ಟಿಲ ಕಂಬಿಯ ಮೇಲೆ, ಅಡುಗೆಮನೆ ಒಲೆಯ ಮೇಲ್ಗಡೆ, ಎಲ್ಲೆಲ್ಲೂ ಬೆಡ್‌ಶೀಟು. ಒಂದನ್ನು ಮುಟ್ಟಿ ನೋಡಿದೆ. ತಣ್ಣಗೆ, ಒದ್ದೆ ಮಣ್ಣಿನ ಹಾಗೆ ಭಾರವಾಗಿತ್ತು. ಒಗೆದು ಮೂರು ದಿನ ಆಗಿತ್ತಂತೆ.

"ಏನು ಬೇಕು ಅಕ್ಕ?" ಅಂತ ಅವತ್ತು ಮೊದಲ ಸಲ ಕೇಳಿದೆ.

"ಬಟ್ಟೆ ಒಣಗಬೇಕು ಅಣ್ಣ. ಬೇರೆ ಏನೂ ಬೇಡ," ಅಂದರು.

ಹಾಸಿಗೆ ಹಿಡಿದವರಿಗೆ ದಿನಕ್ಕೆ ಎರಡು ಮೂರು ಸಲ ಶೀಟು ಬದಲಿಸಬೇಕು. ಒದ್ದೆಯಲ್ಲಿ ಮಲಗಿದರೆ ಬೆನ್ನು ಹುಣ್ಣಾಗುತ್ತದೆ. ಮಕ್ಕಳು ಅರೆಒದ್ದೆ ಯೂನಿಫಾರ್ಮ್ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದರು. ಇಷ್ಟು ಕಷ್ಟ ಇರುವ ತಿಂಗಳಲ್ಲೇ ಮಳೆಗೆ ಹೆದರಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ನಾನೂ ಆವರೆಗೆ ಹೋಗಿರಲಿಲ್ಲ.

ಆ ವರ್ಷ ಸುಲಭದ ದಾರಿ ಹಿಡಿದೆವು. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಕೆಳಗೆ ಬಂದರೆ ಕುಶಾಲನಗರದಲ್ಲಿ ಮಳೆ ತೀರಾ ಕಡಿಮೆ. ತರಕಾರಿ ತುಂಬಲು ಬರುವ ಪಿಕಪ್‌ನಲ್ಲಿ ವಾರಕ್ಕೆ ಎರಡು ಸಲ ಒದ್ದೆ ಬಟ್ಟೆಯ ಮೂಟೆ ಬರುತ್ತಿತ್ತು. ನಮ್ಮ ಮನೆಗಳ ತಾರಸಿ ಮೇಲೆ ಒಣಗಿಸಿ ವಾಪಸ್ ಕಳಿಸುತ್ತಿದ್ದೆವು. ಆದರೆ ರಸ್ತೆಗೆ ಮಣ್ಣು ಜರಿದ ವಾರ ಗಾಡಿ ಬರಲಿಲ್ಲ, ಮೂಟೆ ಅಲ್ಲೇ ಉಳಿಯಿತು.

ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಅಲ್ಲೇ ಒಣಗಿಸುವ ಕೋಣೆ ಕಟ್ಟಿದೆವು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಹಾಲೋಬ್ಲಾಕ್ ಗೋಡೆ, ಮೇಲೆ ತಗಡು. ಒಲೆ ಕೋಣೆಯ ಹೊರಗೆ. ಅದರ ಹೊಗೆ ಪೈಪು ಮಾತ್ರ ಗೋಡೆಯೊಳಗಿಂದ ಕೋಣೆಯನ್ನು ಅಡ್ಡ ದಾಟಿ ಆ ಕಡೆ ಮೇಲಕ್ಕೆ ಹೋಗುತ್ತದೆ. ಹೊಗೆ ಒಳಗೆ ಬರುವುದಿಲ್ಲ, ಬಿಸಿ ಮಾತ್ರ ಬರುತ್ತದೆ. ಯಾರಾದರೂ ಮಾಡುವುದಿದ್ದರೆ ಒಂದು ಮಾತು: ಇದಕ್ಕೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಬೇಡವೇ ಬೇಡ. ಜೋರು ಬಿಸಿಗೆ ಅದರ ಸತುವಿನ ಲೇಪ ಕೆಟ್ಟ ಹೊಗೆ ಬಿಡುತ್ತದೆ. ಲೇಪ ಇಲ್ಲದ ಎಂಎಸ್ (ಮೈಲ್ಡ್ ಸ್ಟೀಲ್) ಪೈಪೇ ಹಾಕಿ. ಮಕ್ಕಳ ಕೈ ತಾಗದ ಹಾಗೆ ಸುತ್ತ ಜಾಲರಿ ಹಾಕಿ. ಎಷ್ಟೇ ಚಳಿ ಇರಲಿ, ಆ ಕೋಣೆಯಲ್ಲಿ ಯಾರೂ ಮಲಗಬಾರದು. ಪೈಪಿನಲ್ಲಿ ಎಲ್ಲಾದರೂ ಸೀಳು ಬಿಟ್ಟರೆ ಜೀವಕ್ಕೇ ಅಪಾಯ.

ಒಂದು ತಪ್ಪು ಮಾಡಿದೆವು. ಬಿಸಿ ಹೊರಗೆ ಹೋಗದಿರಲಿ ಅಂತ ಕಿಂಡಿಯನ್ನೇ ಬಿಡಲಿಲ್ಲ. ಮೊದಲ ವಾರ ಶೀಟುಗಳು ಒಣಗುವ ಬದಲು ಬೆಂದ ಹಾಗಾದವು, ಗೋಡೆಯಲ್ಲಿ ನೀರು ಇಳಿಯುತ್ತಿತ್ತು. ಬಿಸಿ ಇದ್ದರೆ ಸಾಲದು, ತೇವ ಹೊರಗೆ ಹೋಗಬೇಕು ಅಲ್ವಾ? ಸೂರಿನ ಕೆಳಗೆ ಎರಡು ಕಿಂಡಿ, ನೆಲದ ಹತ್ತಿರ ಒಂದು ಕಿಂಡಿ ಒಡೆಸಿದೆವು. ಈಗ ಸಂಜೆ ಹಾಕಿದ ಶೀಟು ಬೆಳಗ್ಗೆಗೆ ಗರಿಗರಿ ಆಗಿರುತ್ತದೆ.

ಸೌದೆ ತೋಟದವರು ಕೊಡುತ್ತಾರೆ. ಕಿತ್ತ ಹಳೇ ಕಾಫಿ ಗಿಡ, ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳಿನ ಮರ ಸವರಿದಾಗ ಬಿದ್ದ ಕೊಂಬೆ. ಹಸಿ ಸೌದೆ ಆ ವರ್ಷಕ್ಕೆ ಆಗುವುದಿಲ್ಲ, ಮುಂದಿನ ಮಳೆಗಾಲಕ್ಕೆ ಅಂತ ಒಟ್ಟಿಡಬೇಕು.

ದುಡ್ಡಿನ ಲೆಕ್ಕವೂ ಸೌದೆಯ ಹಾಗೆಯೇ ಅಂತ ನಮಗೆ ತಡವಾಗಿ ಗೊತ್ತಾಯಿತು. ಕೊಡಗಿನಲ್ಲಿ ಕೈಯಲ್ಲಿ ಕಾಸು ಓಡಾಡುವುದು ಕಾಫಿ, ಕರಿಮೆಣಸು ಮಾರಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಶ್ರಮಕ್ಕೆ ಖರ್ಚು ಜಾಸ್ತಿ ಬರುವುದು ಜೂನ್‌ನಿಂದ ಸೆಪ್ಟೆಂಬರ್. ಜುಲೈನಲ್ಲಿ ಬೆಳೆಗಾರರನ್ನು ಕೇಳಿದರೆ ಅವರಿಗೂ ಮುಜುಗರ, ನಮಗೂ ಮುಜುಗರ. ಅದಕ್ಕೆ ಅವರನ್ನು ಮಾರ್ಚ್‌ನಲ್ಲಿ ಒಂದೇ ಸಲ ಕೇಳುತ್ತೇವೆ. ಸಂಬಳದವರು ತಿಂಗಳಿಗೆ ಮುನ್ನೂರು ಹಾಕುತ್ತಾರೆ, ಬ್ಯಾಂಕಿನಿಂದ ತಾನಾಗಿಯೇ ಹೋಗುವ ಹಾಗೆ. ಮುನ್ನೂರು ಸಣ್ಣದು ಅನಿಸಬಹುದು. ಆದರೆ ತಪ್ಪದೆ ಬರುವ ಮುನ್ನೂರನ್ನು ನಂಬಿ ವಾರ್ಡನ್ ಅಕ್ಕ ಔಷಧಿ ಅಂಗಡಿಯವರಿಗೆ ಮಾತು ಕೊಡಬಹುದು. ಮೇ ತಿಂಗಳಲ್ಲೇ ಅವರ ಹತ್ತಿರ ಪಟ್ಟಿ ಬರೆಸಿಕೊಳ್ಳುತ್ತೇವೆ. ದೊಡ್ಡವರ ಡೈಪರ್, ಮೈಗೆ ಹಚ್ಚುವ ಪೌಡರ್, ಟಾರ್ಚ್ ಸೆಲ್ಲು, ಒಂದು ಹೆಚ್ಚಿನ ಸಿಲಿಂಡರ್, ಮಕ್ಕಳಿಗೆ ಎರಡನೇ ಜೊತೆ ಯೂನಿಫಾರ್ಮ್.

ದುಡ್ಡು ಎಲ್ಲಾ ಆಶ್ರಮದ ಖಾತೆಗೇ ಹೋಗುತ್ತದೆ, ನಮ್ಮ ಯಾರ ಕೈಗೂ ಬರುವುದಿಲ್ಲ. ಶುರುವಿನಲ್ಲೇ ಕಾಗದ ಪತ್ರ ನೋಡಿದೆವು. ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಬಾಲ ನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಇದನ್ನು ಕೇಳಲು ಸಂಕೋಚ ಪಡಬೇಡಿ, ಸರಿಯಾಗಿ ನಡೆಸುವವರು ಸಂತೋಷದಿಂದ ತೋರಿಸುತ್ತಾರೆ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬಾರದು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಇಲ್ಲ.

ಒಂದು ಸಲ ನಮ್ಮವರೊಬ್ಬರು ಮಗನ ಹುಟ್ಟುಹಬ್ಬ ಅಲ್ಲಿ ಮಾಡಿ, ಮಕ್ಕಳ ಫೋಟೋ ವಾಟ್ಸಾಪ್‌ಗೆ ಹಾಕಿದರು. ಅರ್ಧ ಗಂಟೆಯೊಳಗೆ ವಾರ್ಡನ್ ಅಕ್ಕನ ಫೋನ್ ಬಂತು. ಆ ಮಕ್ಕಳ ಗುರುತು ಹೊರಗೆ ಬಿಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ, ಅಲ್ಲಿರುವ ಒಬ್ಬ ಹುಡುಗಿ ಯಾರಿಂದ ತಪ್ಪಿಸಿಕೊಂಡು ಬಂದಿದ್ದಾಳೋ ಅವರೇ ಆ ಫೋಟೋ ನೋಡಬಹುದಿತ್ತು. ಅದನ್ನು ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಅವತ್ತಿನಿಂದ ಮೊಬೈಲು ಗೇಟಿನಲ್ಲೇ.

ನಮ್ಮ ಹದಿನಾಲ್ಕು ಜನರಲ್ಲಿ ಬೈಲಕುಪ್ಪೆಯ ಟಿಬೆಟ್ ನಿರಾಶ್ರಿತರ ಶಿಬಿರದ ಅಕ್ಕ ಒಬ್ಬರಿದ್ದಾರೆ, ಸ್ವೆಟರ್ ವ್ಯಾಪಾರ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡಿನಲ್ಲಿ ಅವರ ತಂದೆಯವರು ಟೆಂಟ್ ಹಾಕಿಕೊಂಡು ಮರ ಕಡಿದು, ಆನೆ ಓಡಿಸಿ, ಜೋಳ ಬೆಳೆದವರು. ಪ್ರತಿ ಜೂನ್‌ನಲ್ಲಿ ಇಪ್ಪತ್ತು ಕಂಬಳಿ ಕೊಡುತ್ತಾರೆ. ಒಂದೊಂದನ್ನೂ ಬಿಡಿಸಿ, ಅಂಚಿನ ಹೊಲಿಗೆ ಎಳೆದು ನೋಡಿಯೇ ಮಡಚುತ್ತಾರೆ. "ಟೆಂಟ್‌ನಲ್ಲಿ ಮಲಗಿದವರಿಗೆ ಹರಿದ ಕಂಬಳಿ ಕೊಟ್ಟರೆ ಹೇಗಿರುತ್ತೆ ಅಂತ ಅಪ್ಪ ಹೇಳ್ತಿದ್ರು," ಅಂದರು ಒಮ್ಮೆ. ಅದಾದ ಮೇಲೆ ಹಳೇ ಬಟ್ಟೆ ತೆಗೆದುಕೊಳ್ಳುವುದನ್ನು ನಾವು ಪೂರ್ತಿ ನಿಲ್ಲಿಸಿದೆವು.

ಆಗಸ್ಟ್ 3 ಕಕ್ಕಡ ಪದಿನೆಟ್ಟ್, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪು ಅನ್ನುವ ಔಷಧಿ ಗಿಡದ ಪಾಯಸ ಮಾಡುವ ದಿನ. ಅವತ್ತು ಮಳೆ ಎಷ್ಟೇ ಇರಲಿ, ಒಂದು ಹೊರೆ ಮದ್ದು ಸೊಪ್ಪು ತೆಗೆದುಕೊಂಡು ಹೋಗುತ್ತೇವೆ. ಮುಕ್ಕೋಡ್ಲು ಕಡೆಯ ಅಜ್ಜಿ ಅಡುಗೆಯವರನ್ನು ಪಕ್ಕಕ್ಕೆ ಸರಿಸಿ ತಾವೇ ಸೊಪ್ಪು ಕುದಿಸುತ್ತಾರೆ. ಅಡುಗೆಮನೆ ತುಂಬಾ ಆ ಘಮ, ನೀರು ನೇರಳೆ ಬಣ್ಣ. ಹೋದ ವರ್ಷ ಪಾಯಸ ಬಡಿಸುತ್ತಾ ನನ್ನ ಮುಖ ನೋಡಿ, "ಬೆಲ್ಲ ಕಡಿಮೆ ತಂದಿದ್ದೀಯ. ನಮ್ಮ ಮನೆಯಲ್ಲಿ ಇಷ್ಟಕ್ಕೆ ಎರಡು ಅಚ್ಚು ಹಾಕ್ತಿದ್ದೆ," ಅಂದರು. ಈ ವರ್ಷದ ಪಟ್ಟಿಯಲ್ಲಿ ಬೆಲ್ಲ ಜಾಸ್ತಿ ಬರೆದುಕೊಂಡಿದ್ದೇನೆ.